ನಾಲಿಗೆ ಕಟ್ಟಿದ ಗಂಟೆ

ನಾದವೇ ಮೈಯಾಗಿ, ಮಾತೇ ಉಸಿರಾಗಿ, ಸಕಲ ಜೀವರ ನಾಲಿಗೆಯ ತುದಿಯಲ್ಲಿ ನೆಲೆಸಿರುವ ಪರಮಾತ್ಮನಿಗೆ ಮೊದಲ ವಂದನೆ. ಮೂಕನ ಸನ್ನೆಯನ್ನೂ ಹಸುಗೂಸಿನ ಅಳುವನ್ನೂ ಸ್ತೋತ್ರವೆಂದೇ ಕೈಕೊಳ್ಳುವ ಆ ದಯಾಳು, ನೋವಿನ ಮಾತನ್ನು ಅಮಂಗಳವೆಂದು ಎಂದೂ ದೂರವಿಟ್ಟವನಲ್ಲ. ಹಾಗೆ ದೂರವಿಟ್ಟ ಒಂದು ಮನೆಯ ಕಥೆಯಿದು. ಆತನ ಪಾದದಲ್ಲಿಟ್ಟು ಹೇಳುತ್ತೇವೆ. ಕೇಳುವವರು ಮನಸ್ಸಿಟ್ಟು ಕೇಳಬೇಕು.

ಆ ಮನೆಯ ಮುಂಭಾಗ ಬೇಕರಿ, ಹಿಂಭಾಗ ಸಂಸಾರ, ನಡುವೆ ಉದ್ದನೆಯ ಹಜಾರ. ಭಟ್ಟಿಯ ಬಿಸಿ ಗೋಡೆಯನ್ನು ದಾಟಿ ಬರುತ್ತಿದ್ದುದರಿಂದ ಚಳಿಗಾಲದಲ್ಲಿ ಮಕ್ಕಳು ಆ ಗೋಡೆಗೆ ಬೆನ್ನು ಹಚ್ಚಿಯೇ ಪಾಠ ಓದುತ್ತಿದ್ದರು. ಮೂವರು ಗಂಡುಮಕ್ಕಳು, ಮೂವರು ಸೊಸೆಯರು, ಮೊಮ್ಮಕ್ಕಳ ದಂಡು. ಎಲ್ಲರೂ ಒಂದೇ ಸಲ ಊಟಕ್ಕೆ ಕುಳಿತರೆ ತಟ್ಟೆಗಳೇ ಸಾಲವು. ಇವರೆಲ್ಲರ ಮೇಲೆ ಹಿರಿಯಮ್ಮ. ಆಕೆ ಕೆಮ್ಮಿದರೆ ಭಟ್ಟಿಯ ಬೆಂಕಿಯೂ ತಗ್ಗಿ ಉರಿಯುತ್ತದೆಂದು ನಡುವಿನ ಮಗ ನಗೆಯಾಡುತ್ತಿದ್ದ.

ಹಿರಿಯ ಸೊಸೆಗೆ ಬೆಣ್ಣೆಕೈ ಎಂದೇ ಹೆಸರಾಗಿತ್ತು. ಅವಳು ನಾದಿದ ಹಿಟ್ಟು ತೊಟ್ಟಿಲ ಕೂಸಿನಂತೆ ಮೆತ್ತಗೆ ಉಬ್ಬುತ್ತಿತ್ತು. ಕಿರಿಯ ಸೊಸೆ ಮದುವೆಯಾಗಿ ಬಂದ ಹೊಸದರಲ್ಲಿ ಮೊದಲ ತಟ್ಟೆ ಬನ್ನನ್ನು ಕರಕಲು ಮಾಡಿಟ್ಟಾಗ, ಅತ್ತೆಯ ಕಣ್ಣಿಗೆ ಬೀಳದಂತೆ ಅದನ್ನು ಸೆರಗಿನಲ್ಲಿ ಕಟ್ಟಿ ಸಾಗಿಸಿದವಳು ಈ ಓರಗಿತ್ತಿ. ಅಂದಿನಿಂದ ಕಿರಿಯವಳಿಗೆ ಅವಳು ಒಡಹುಟ್ಟಿದ ಅಕ್ಕನಿಗಿಂತ ಹೆಚ್ಚು.

ಹಜಾರದ ಬಾಗಿಲಲ್ಲಿ ಒಂದು ಕಂಚಿನ ಗಂಟೆ ತೂಗುತ್ತಿತ್ತು. ಊಟಕ್ಕೆ ಕರೆಯುವುದಕ್ಕೂ ಅದೇ, ಅವಸರಕ್ಕೆ ಕೂಗುವುದಕ್ಕೂ ಅದೇ. ಮನೆಯಲ್ಲಿ ಒಂದು ಶುಭಕಾರ್ಯಕ್ಕೆ ದಿನ ಗೊತ್ತಾಯಿತೆಂದರೆ ಹಿರಿಯಮ್ಮ ಸ್ಟೂಲು ಹತ್ತಿ ಗಂಟೆಯ ನಾಲಿಗೆಗೆ ಕೆಂಪು ಬಟ್ಟೆ ಸುತ್ತುವಳು. ಆ ಕ್ಷಣದಿಂದ ಕಾರ್ಯ ಮುಗಿಯುವವರೆಗೆ ಯಾರೂ ಕಾಯಿಲೆಯ ಮಾತೆತ್ತಕೂಡದು, ಕೆಟ್ಟ ಸುದ್ದಿ ತರಕೂಡದು, ವೈದ್ಯರ ಮೆಟ್ಟಿಲು ಹತ್ತಕೂಡದು. ಇದಕ್ಕೆ ಬಾಯಿಕಟ್ಟು ಎಂದು ಹೆಸರು. "ಗಂಟೆ ಕಟ್ಟಿದ್ದಾರೆ, ಊಟಕ್ಕೆ ಕರೆಯೋರಿಲ್ಲ. ವಾಸನೆ ಹಿಡ್ಕೊಂಡು ಬನ್ನಿ" ಎಂದು ನಡುವಿನ ಮಗ ಮಕ್ಕಳನ್ನು ನಗಿಸುತ್ತಿದ್ದ. ನಗುನಗುತ್ತಲೇ ಒಂದು ಕೇಡು ಹೇಗೆ ಮನೆಯ ಮಗುವಿನಂತೆ ಬೆಳೆಯುತ್ತದೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಆ ವರ್ಷದ ಮೊದಲಲ್ಲಿ ಬೆಣ್ಣೆಕೈಯ ಮಗಳಿಗೆ ಗಂಡು ಗೊತ್ತಾಗುವುದರಲ್ಲಿತ್ತು. ಹಿಟ್ಟಿನ ಕೋಣೆಯಲ್ಲಿ ಇಬ್ಬರೇ ಇದ್ದಾಗ ಬೆಣ್ಣೆಕೈ ಕಿರಿಯವಳ ಕೈಹಿಡಿದು ತನ್ನ ಕಂಕುಳ ಕೆಳಗೆ ಇಟ್ಟುಕೊಂಡಳು.

"ಇಲ್ಲಿ ಮುಟ್ಟು ತಂಗಿ. ಬಟಾಣಿಯಷ್ಟು ಏನೋ ಸಿಗುತ್ತಾ?"

ಸಿಕ್ಕಿತು. ಗಟ್ಟಿಯಾಗಿತ್ತು, ಒತ್ತಿದರೆ ಜಾರುತ್ತಿರಲಿಲ್ಲ.

"ಅಕ್ಕ, ನಾಳೆನೇ ತೋರಿಸ್ಕೊಂಡು ಬರೋಣ."

"ನಾಳೆ ಗಂಡಿನ ಕಡೆಯವರು ಬರ್ತಾರಲ್ಲೇ. ದಿನ ಗೊತ್ತಾದ್ರೆ ಅತ್ತೆ ಗಂಟೆ ಕಟ್ಟೇಬಿಡ್ತಾರೆ. ಮದುವೆಯೊಂದು ಮುಗೀಲಿ. ಇದೇನು ಕಾಲು ಬಂದು ಓಡಿಹೋಗುತ್ತಾ?"

ಓಡಿಹೋಗಲಿಲ್ಲ, ಬೆಳೆಯಿತು. ಮದುವೆ ಕಣ್ತುಂಬುವಂತೆ ನಡೆಯಿತು. ಮನೆಮಂದಿಯ ಫೋಟೋದಲ್ಲಿ ಬೆಣ್ಣೆಕೈ ಬಲತೋಳನ್ನು ಸೆರಗಿನೊಳಗೆ ಮರೆಮಾಡಿದ್ದಳು. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ ಹಿರಿಯಮ್ಮ ಮಾತ್ರ ಪಕ್ಕದ ಕಂಬವನ್ನು ನೋಡುತ್ತಿದ್ದಳು. "ಅಮ್ಮನಿಗೆ ಫೋಟೋದವನಿಗಿಂತ ಕಂಬವೇ ಚೆಂದ ಕಂಡಿದೆ" ಎಂದು ನಡುವಿನ ಮಗ ಎಲ್ಲರನ್ನೂ ನಗಿಸಿದ.

ಮದುವೆಯ ಚಪ್ಪರ ಬಿಚ್ಚುವ ಮೊದಲೇ ನಡುವಿನ ಮಗನ ಹೊಸ ಅಂಗಡಿಗೆ ದಿನ ನಿಂತಿತು. ಅದು ಮುಗಿಯುವಷ್ಟರಲ್ಲಿ ಒಬ್ಬ ಮೊಮ್ಮಗನಿಗೆ ಕೆಲಸದ ಆದೇಶ ಬಂದು, ಅವನನ್ನು ಕಳಿಸಿಕೊಡುವ ಸಂಭ್ರಮ. ದೊಡ್ಡ ಸಂಸಾರವೆಂದರೆ ಹಾಗೆಯೇ: ಒಂದು ಶುಭದ ಬಾಲವನ್ನು ಇನ್ನೊಂದು ಶುಭ ಕಚ್ಚಿಕೊಂಡೇ ಬರುತ್ತದೆ. ಕೆಂಪು ಬಟ್ಟೆ ಬಿಚ್ಚಿದ ದಿನಗಳಿಗಿಂತ ಕಟ್ಟಿದ ದಿನಗಳೇ ಹೆಚ್ಚಾದವು. ಬೆಣ್ಣೆಕೈ ಈಗ ಎಡಗೈಯಲ್ಲಿ ಹಿಟ್ಟು ನಾದುತ್ತಿದ್ದಳು. ಬ್ರೆಡ್ಡು ಒರಟಾಗಿದೆಯೆಂದು ಗಿರಾಕಿಗಳು ಗೊಣಗಿದರು. ಗಂಡ ಹಿಟ್ಟಿನ ವ್ಯಾಪಾರಿಯನ್ನು ಬೈದ.

ಕೊನೆಗೊಂದು ದಿನ ಬಟ್ಟೆಯಂಗಡಿಯ ನೆಪ ಹೇಳಿ ಕಿರಿಯವಳು ಅಕ್ಕನನ್ನು ಆಸ್ಪತ್ರೆಗೆ ಕರೆದೊಯ್ದಳು. ಪರೀಕ್ಷೆ ಮುಗಿಸಿದ ಡಾಕ್ಟರಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಮೊದಲೇ ಬಂದಿದ್ರೆ ಇಷ್ಟು ಕಷ್ಟ ಇರ್ತಿರ್ಲಿಲ್ಲ. ಈಗಲೂ ದಾರಿ ಮುಚ್ಚಿಲ್ಲ. ಈ ವಾರವೇ ಸೇರ್ಕೊಳ್ಳಿ" ಎಂದರು.

ಬೆಣ್ಣೆಕೈ ಒಪ್ಪಿದಳು. ದಾರಿಯುದ್ದಕ್ಕೂ ಗಂಡನಿಗೆ ಹೇಗೆ ಹೇಳುವುದೆಂದು ಇಬ್ಬರೂ ಮಾತು ಜೋಡಿಸುತ್ತ ಬಂದರು. ಬಾಗಿಲಿಗೆ ಬಂದರೆ ಗಂಟೆಗೆ ಬಟ್ಟೆ ಕಟ್ಟಿತ್ತು! ಮಗಳು ಬಸುರಿಯೆಂದು ಸುದ್ದಿ ಬಂದಿತ್ತು.

"ಹೆರಿಗೆ ಆಗೋವರೆಗೆ ಈ ಮನೇಲಿ ಯಾರೂ ಸೊಲ್ಲೆತ್ತಬಾರದು" ಎಂದಳು ಹಿರಿಯಮ್ಮ. ಬೆಣ್ಣೆಕೈ ಹೊಸ್ತಿಲಲ್ಲೇ ಕುಳಿತು ನಕ್ಕಳೋ ಅತ್ತಳೋ ಕಿರಿಯವಳಿಗೆ ತಿಳಿಯಲಿಲ್ಲ. "ನನ್ನ ಮಗಳ ಬಸುರಿಗೆ ನಾನೇ ಕೇಡಾಗ್ಲಾ? ನನ್ನಾಣೆ ತಂಗಿ, ಅವಳಿಗೆ ಹೇಳಬೇಡ" ಎಂದಷ್ಟೇ ಅವಳು ಹೇಳಿದ್ದು.

ಮರುವಾರ ಭಟ್ಟಿಯ ಕಮಾನು ಬಿರುಕುಬಿಟ್ಟಿತು. ಹಿರಿಯಮ್ಮ ಅಂದೇ ಬೆಂಕಿ ಆರಿಸಿ, ಗಾರೆಯವನನ್ನು ಕರೆಸಿ, ಮುಂದೆ ನಿಂತು ದುರಸ್ತಿ ಮಾಡಿಸಿದಳು. ಕಿರಿಯವಳು ಕಾದಿದ್ದು ಈ ಗಳಿಗೆಗೇ.

"ಅತ್ತೆ, ಒಂದು ಮಾತು. ಭಟ್ಟಿ ಒಡೆದಿದ್ದು ಕೆಟ್ಟ ಸುದ್ದಿ ಅಲ್ವಾ?"

"ಅದು ಕೆಲಸ ಕಣೆ. ಇವತ್ತು ಬಿಟ್ರೆ ನಾಳೆ ಕಮಾನೇ ಕುಸಿಯುತ್ತೆ."

"ಅಕ್ಕ ಕುಸೀತಿದ್ದಾಳೆ ಅತ್ತೆ. ಇಟ್ಟಿಗೆಗೆ ಕೊಟ್ಟ ದಿನ ಅವಳಿಗೂ ಒಂದು ಕೊಡಿ."

ಹಿರಿಯಮ್ಮನ ಮುಖ ಬಿಗಿಯಿತು. ಗೊತ್ತಿರಲಿಲ್ಲವೆಂದಲ್ಲ, ಗೊತ್ತಿದ್ದೂ ಕೇಳದೆ ಉಳಿದಿದ್ದಳು.

"ನೀನು ನಿನ್ನೆ ಬಂದವಳು. ನಾನು ಈ ಮನೆಗೆ ಬಂದ ವರ್ಷ ನನ್ನ ನಾದಿನಿ ಮದುವೆ. ಮುಹೂರ್ತದ ಹೊತ್ತಿಗೆ ಯಾರೋ ಬಂದು ಸಾವಿನ ಸುದ್ದಿ ಒದರಿದ್ರು. ಗಂಡಿನ ಕಡೆಯವರು ಎದ್ದು ಹೋದ್ರು. ಆ ಹುಡುಗಿ ಮುದುಕಿಯಾಗಿ ಈ ಹಜಾರದಲ್ಲೇ ಸತ್ಲು, ಹಣೆ ತುಂಬ ನೆರಿಗೆ ಇಟ್ಕೊಂಡು. ಗಂಟೆ ಕಟ್ಟೋದು ನನಗೇನು ಹಬ್ಬ ಅಂದ್ಕೊಂಡ್ಯಾ?"

"ಆವತ್ತು ಕೆಟ್ಟಿದ್ದು ಸುದ್ದಿಯಿಂದಲ್ಲ ಅತ್ತೆ, ಎದ್ದು ಹೋದವರಿಂದ. ದೇವರು ಕಿವಿ ಮುಚ್ಕೊಂಡಿಲ್ಲ, ನಾವ್ಯಾಕೆ ಬಾಯಿ ಮುಚ್ಚಬೇಕು?"

"ವೇದಾಂತ ಸಾಕು. ಹೆರಿಗೆ ಆಗ್ಲಿ."

ಕಿರಿಯವಳು ಅಕ್ಕನ ಗಂಡನಾದ ಹಿರಿಯ ಭಾವನ ಬಳಿ ಹೋದಳು. ಆತ ಭಟ್ಟಿಯ ಬೂದಿ ಕೆದಕುತ್ತ, "ಅಮ್ಮ ಹೇಳಿದ ಮೇಲೆ ಮುಗೀತಲ್ಲಮ್ಮ" ಎಂದು ತಲೆಯೆತ್ತದೆ ನುಡಿದ. ತನ್ನ ಗಂಡನೂ ಅದನ್ನೇ ಬೇರೆ ಮಾತಿನಲ್ಲಿ ಹೇಳಿದ. ಆಸ್ಪತ್ರೆಗೆ ಎಳೆದೊಯ್ಯಲು ನೋಡಿದರೆ ಅಕ್ಕನೇ ಮಂಚದ ಕಾಲು ಬಿಡಲಿಲ್ಲ.

ಏನೋ ನೆಪ ಹೇಳಿ ಗಂಡನ ಮನೆಯಲ್ಲೇ ಮಾಡಿಸಿದ ಹೆರಿಗೆ ಸುಖವಾಗಿ ಆಯಿತು. ಆದರೆ ಕೂಸಿಗೆ ಹೆಸರಿಡುವ ದಿನ ಗೊತ್ತಾಯಿತು. ಅದು ಮಾತ್ರ ತವರಿನಲ್ಲೇ ಆಗಬೇಕೆಂದು ತೀರ್ಮಾನವಾಯಿತು. ಬಟ್ಟೆ ಬಿಚ್ಚಲಿಲ್ಲ. ಆ ವೇಳೆಗೆ ಬೆಣ್ಣೆಕೈ ಒಳಕೋಣೆಯ ಮಂಚದಿಂದ ಏಳುತ್ತಿರಲಿಲ್ಲ. ಹೆಸರಿಡುವ ದಿನ ಬೆಳಿಗ್ಗೆ ಮಗಳು ಬಂದಿಳಿದಾಗ, "ಅಮ್ಮನಿಗೆ ಜ್ವರ, ಕೂಸಿಗೆ ತಗುಲೀತು. ಹೆಸರಿಟ್ಟ ಮೇಲೆ ನೋಡುವೆಯಂತೆ" ಎಂದರು. ಎಳೆಯ ಬಾಣಂತಿ, ನಂಬಿದಳು.

ಹಜಾರದಲ್ಲಿ ನೆಂಟರು ತುಂಬಿದರು. ಒಳಗೆ ಕಿರಿಯವಳು ಅಕ್ಕನ ತುಟಿಗೆ ಒದ್ದೆಬಟ್ಟೆ ಒತ್ತುತ್ತಿದ್ದಳು. ಉಸಿರು ಬಿಟ್ಟುಬಿಟ್ಟು ಬರುತ್ತಿತ್ತು.

"ಹೊರಗೆ ಅಳ್ತಿರೋದು... ಅದೇ ಕೂಸಾ?" ಎಂದಳು ಬೆಣ್ಣೆಕೈ. "ಒಂದು ಸಲ ನೋಡಬೇಕಿತ್ತು ತಂಗಿ."

ಕಿರಿಯವಳು ಹೊರಗೆ ಬಂದಳು. ಹಿರಿಯಮ್ಮ ಅವಳ ಹೆಜ್ಜೆ ಸದ್ದಿನಲ್ಲೇ ಎಲ್ಲವನ್ನೂ ಅರಿತು ಕೈಯೆತ್ತಿ ತಡೆದಳು: ಇನ್ನು ಸ್ವಲ್ಪ ಹೊತ್ತು, ಹೆಸರಾಗಲಿ. ಕಿರಿಯವಳು ಸ್ಟೂಲನ್ನೆಳೆದು ಹತ್ತಿ, ಕೆಂಪು ಬಟ್ಟೆಯನ್ನು ಕಿತ್ತು, ಗಂಟೆಯನ್ನು ಜಗ್ಗಿ ಹೊಡೆದಳು. ತಿಂಗಳುಗಟ್ಟಲೆ ಮೂಕವಾಗಿದ್ದ ಕಂಚು ಗೋಡೆ ನಡುಗುವಂತೆ ಕೂಗಿತು.

"ನಿನ್ನಮ್ಮ ಹೋಗ್ತಿದ್ದಾಳೆ ಮಗಳೇ! ಕೂಸನ್ನೆತ್ಕೊಂಡು ಬಾ!"

ಮಗಳು ಓಡಿದಳು. ಕೂಸನ್ನು ತಾಯಿಯ ಎದೆಯ ಪಕ್ಕ ಮಲಗಿಸಿದಾಗ ಬೆಣ್ಣೆಕೈಯ ಎಡಗೈ ಮೆಲ್ಲಗೆ ಅದರ ಬೆನ್ನ ಮೇಲೆ ಆಡಿತು, ಹದ ಬಂದ ಹಿಟ್ಟನ್ನು ಮುಟ್ಟಿ ನೋಡುವ ಹಾಗೆ. ಹೆಸರಿಲ್ಲದ ಆ ಕೂಸನ್ನು "ನನ್ನಪ್ಪಾ" ಎಂದು ಕರೆದಳು. ಸಂಜೆಯಾಗುವ ಮೊದಲು ಕೈ ನಿಂತಿತು.

ಮಗಳು ಆಗ ಅಳಲಿಲ್ಲ. ಎದ್ದು ಬಂದು ಹಜಾರದಲ್ಲಿ ನಿಂತು, "ಯಾವಾಗಿಂದ ಗೊತ್ತಿತ್ತು?" ಎಂದು ಕೇಳಿದಳು.

"ನಿನ್ನ ಮದುವೆ ಗೊತ್ತಾಗೋ ಹಿಂದಿನ ದಿನದಿಂದ" ಎಂದಳು ಕಿರಿಯವಳು.

"ಮದುವೆ ಮುಂದಕ್ಕೆ ಹೋಗ್ತಿತ್ತು, ಅಷ್ಟೇ ತಾನೇ?" ಎಂದಳು ಮಗಳು. "ಮುಂದಕ್ಕೆ ಹಾಕೋಕೆ ಆಗದ್ದು ಇದೊಂದೇ ಇತ್ತಲ್ಲ, ಚಿಕ್ಕಮ್ಮ."

ನಡುವಿನ ಮಗನ ಬಾಯಲ್ಲಿ ಅಂದಿನಿಂದ ಬಹುಕಾಲ ಹಾಸ್ಯ ಹುಟ್ಟಲಿಲ್ಲ.

ದಿನಗಳು ಉರುಳಿದವು. ಕೆಲಸಕ್ಕೆ ಹೋಗಿದ್ದ ಮೊಮ್ಮಗನಿಗೆ ಹೆಣ್ಣು ಗೊತ್ತಾಗಿ, ಹಿರಿಯಮ್ಮ ಮತ್ತೆ ಕೆಂಪು ಬಟ್ಟೆ ಹಿಡಿದು ಹಜಾರಕ್ಕೆ ಬಂದಳು.

"ಕಿರಿಯವಳೇ, ಸ್ಟೂಲು ತಾ."

"ತರಲ್ಲ ಅತ್ತೆ."

"ಏನಂದೆ?"

"ತರಲ್ಲ ಅಂದೆ. ಇನ್ನೊಬ್ಬರನ್ನ ಆ ಬಟ್ಟೇಲಿ ಸುತ್ತಿ ಹೊರಗೆ ಸಾಗಿಸೋಕೆ ನನ್ನ ಕೈಲಾಗಲ್ಲ. ಬೈಯಿರಿ, ತವರಿಗೆ ಕಳಿಸಿ. ಸ್ಟೂಲು ಮಾತ್ರ ತರಲ್ಲ."

ಹಿರಿಯಮ್ಮ ತಾನೇ ಮುಂದೆ ಬಂದು ಕೈಯೆತ್ತಿದಳು. ಕೈ ಗಂಟೆಯಿದ್ದ ಕಡೆಗೆ ಹೋಗಲಿಲ್ಲ. ಬರಿಯ ಗಾಳಿಯಲ್ಲಿ ತಡಕಿತು, ಬಾಗಿಲ ಚೌಕಟ್ಟಿಗೆ ಬಡಿಯಿತು. ಮತ್ತೆ ತಡಕಿತು. ಮದುವೆಯ ಫೋಟೋದ ಆ ಕಂಬ ಕಿರಿಯವಳ ಕಣ್ಣಮುಂದೆ ಬಂದುನಿಂತಿತು.

"ಅತ್ತೆ, ಗಂಟೆ ಎಲ್ಲಿದೆ ಹೇಳಿ?"

ಮುದುಕಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"ಕಾಣಿಸ್ತಿಲ್ಲ ಕಣೆ" ಎಂದಳು. "ಮೊಮ್ಮಗಳ ಮದುವೆಗೆ ಮೊದಲಿಂದಾನೂ ಮಸುಕು. ಈಗ ನಿಮ್ಮ ಮುಖಗಳೂ ಇಲ್ಲ. ಯಾವಾಗ ಹೇಳ್ಲಿ? ಯಾವಾಗ್ಲೂ ಏನಾದ್ರೊಂದು ಶುಭ ಇರ್ತಿತ್ತಲ್ಲ."

ಕಿರಿಯವಳು ಅವಳ ಕೈಯಿಂದ ಬಟ್ಟೆಯನ್ನು ಬಿಡಿಸಿಕೊಂಡು, ಅದೇ ಬಟ್ಟೆಯಿಂದ ಅವಳ ಕಣ್ಣೊರೆಸಿದಳು. ಹಿರಿಯ ಮಗ ಭಟ್ಟಿಯ ಕೆಲಸ ಬಿಟ್ಟು ಬಂದು, ಯಾರ ಅಪ್ಪಣೆಗೂ ಕಾಯದೆ, ತಾಯಿಯ ಚಪ್ಪಲಿಗಳನ್ನು ಅವಳ ಕಾಲ ಬಳಿ ಜೋಡಿಸಿಟ್ಟ. "ನಡಿಯಮ್ಮ, ಆಸ್ಪತ್ರೆಗೆ. ಈಗಲೇ" ಎಂದ. ಹೆಂಡತಿಗೆ ಹೇಳಬೇಕಾಗಿದ್ದ ಮಾತು ಅದು.

ಈ ಕಥೆಯನ್ನು ಕೇಳಿದವರ ಮನೆಗಳಲ್ಲಿ ಶುಭವು ತುಂಬಿರಲಿ; ಆ ಶುಭದ ನಡುವೆಯೂ ನೊಂದವರು ಬಾಯ್ದೆರೆಯುವಷ್ಟು ಎಡೆಯಿರಲಿ. ಹೇಳುವವರ ನಾಲಿಗೆಗೆ ಧೈರ್ಯವನ್ನೂ ಕೇಳುವವರ ಕಿವಿಗೆ ಕರುಣೆಯನ್ನೂ ಆ ನಾದಮೂರ್ತಿ ದಯಪಾಲಿಸಲಿ. ಎಲ್ಲ ತಾಯಂದಿರೂ ತಮ್ಮ ಮೊಮ್ಮಕ್ಕಳನ್ನು ಹೆಸರು ಹಿಡಿದು ಕರೆಯುವಷ್ಟು ಕಾಲ ಬಾಳಲಿ.