ಒಂದು ಬೆರಳಿನಷ್ಟು ಮುಂದೆ

ಅವನನ್ನು ಎಲ್ಲರೂ ಚಾಂಪಿಯನ್ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷದ ಹಿಂದೆ ಕಾರು ರೇಸಿನ ಪಟ್ಟವನ್ನು ಒಂದೇ ಒಂದು ಸಲ ಗೆದ್ದಿದ್ದ. ಆಮೇಲೆ ಹೊಟ್ಟೆ ಬಂತು, ಮಂಡಿನೋವು ಬಂತು, ಕನ್ನಡಕ ಬಂತು, ಹೆಸರು ಮಾತ್ರ ಹೋಗಲಿಲ್ಲ. ಹೆಂಡತಿಯೂ ಸಿಟ್ಟು ಬಂದಾಗ, "ಏನ್ರೀ ಚಾಂಪಿಯನ್ನೇ, ಅಡುಗೆಮನೆ ನಲ್ಲಿ ಸೋರೋಕೆ ಶುರುವಾಗಿ ಒಂದು ವಾರ ಆಯ್ತು," ಎಂದು ಕುಟುಕುತ್ತಿದ್ದಳು. ರೇಸು ಬಿಟ್ಟವರು ಸಾಮಾನ್ಯವಾಗಿ ಹಳೆಯ ಕಾರುಗಳ ಬಗ್ಗೆ ಸಿಕ್ಕವರ ತಲೆ ತಿನ್ನುತ್ತಾರೆ, ಇಲ್ಲವೇ ತೀರ್ಪುಗಾರರಾಗುತ್ತಾರೆ. ಇವನು ಎರಡನ್ನೂ ಮಾಡುತ್ತಿದ್ದ.

ತೀರ್ಪುಗಾರರ ಕೋಣೆ ಇದ್ದದ್ದು ಕಾರು ತೂಗುವ ಶೆಡ್ಡಿನ ಮೇಲೆ. ಕಬ್ಬಿಣದ ಮೆಟ್ಟಿಲು ಹತ್ತಿ ಹೋಗಬೇಕು. ಕಿಟಕಿ ತೆಗೆದರೆ ಸುಟ್ಟ ರಬ್ಬರಿನ ವಾಸನೆ, ಮುಚ್ಚಿದರೆ ಬೇಗೆ. ತೀರ್ಪು ಕೊಡುವವರಿಗೆ ಮೂರು ಮೆತ್ತನೆಯ ಕುರ್ಚಿ, ಎದುರಿಗೆ ಬಂದು ಕೂರುವವರಿಗೆ ಎರಡು ಪ್ಲಾಸ್ಟಿಕ್ ಕುರ್ಚಿ. ನಡುವೆ ಕಪ್ಪು ಬಣ್ಣ ಬಳಿದ ಮೇಜು, ಅದರ ಮೇಲೆ ಬಿಸ್ಕತ್ತಿನ ಹಳೇ ಡಬ್ಬಿ. ಡಬ್ಬಿಯೊಳಗೆ ಸೀಮೆಸುಣ್ಣ, ಒಂದು ಕೆಂಪು ಆಟಿಕೆ ಕಾರು, ಒಂದು ನೀಲಿ ಆಟಿಕೆ ಕಾರು. ಟ್ರ್ಯಾಕಿನಲ್ಲಿ ಡಿಕ್ಕಿ ಹೊಡೆದುಕೊಂಡವರು ಇಲ್ಲಿಗೆ ಬಂದು, ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ತಿರುವು ಬರೆದು, ಆಟಿಕೆ ಕಾರು ಇಟ್ಟು ತೋರಿಸಬೇಕು. ಮನೆ ಕೊಳ್ಳುವಷ್ಟು ಬೆಲೆಯ ಕಾರನ್ನು ಈಗತಾನೇ ಜಖಂ ಮಾಡಿಕೊಂಡು ಬಂದವರು ಮಕ್ಕಳ ಹಾಗೆ ಬಗ್ಗಿ ಆಟಿಕೆ ತಳ್ಳುವುದನ್ನು ನೋಡಿ ಹೊಸಬರಿಗೆ ನಗು ಬರುತ್ತಿತ್ತು. ಚಾಂಪಿಯನ್‌ಗೆ ಯಾವತ್ತೂ ಬರುತ್ತಿರಲಿಲ್ಲ.

ನಿಯಮವೇನೂ ಬ್ರಹ್ಮವಿದ್ಯೆಯಲ್ಲ. ತಿರುವಿನ ಒಳಬದಿಯಿಂದ ನುಗ್ಗುವವನ ಮುಂಚಕ್ರವು ಮುಂದಿರುವ ಕಾರಿನ ಸೀಟಿನ ಸಮಕ್ಕೆ ಬಂದಿದ್ದರೆ ಅವನಿಗೆ ಜಾಗ ಬಿಡಬೇಕು, ಬಿಡದಿದ್ದರೆ ತಪ್ಪು ಮುಂದಿನವರದು. ಚಕ್ರ ಅಲ್ಲಿಯವರೆಗೆ ಬಂದಿರದಿದ್ದರೆ ತಪ್ಪು ನುಗ್ಗಿದವನದು. ಆಟಿಕೆ ಕಾರಿನ ಲೆಕ್ಕದಲ್ಲಿ ಈ ವ್ಯತ್ಯಾಸ ಒಂದು ಬೆರಳಿನಷ್ಟು. ಆ ಒಂದು ಬೆರಳಿನಲ್ಲಿ ಎಷ್ಟೋ ಜನರ ಬದುಕು ಆಚೆಯಿಂದ ಈಚೆಗೆ ಬಂದಿದೆ.

ಆ ಮಧ್ಯಾಹ್ನ ಬಂದು ಕೂತವರು ಇಬ್ಬರು. ಕೆಂಪು ಕಾರಿನ ಹುಡುಗ, ನೀಲಿ ಕಾರಿನ ಹುಡುಗಿ. ಮುಂದಿನ ವರ್ಷ ದೊಡ್ಡ ತಂಡವೊಂದರಲ್ಲಿ ಖಾಲಿಯಾಗುವ ಒಂದೇ ಒಂದು ಜಾಗಕ್ಕೆ ಇಬ್ಬರ ಕಣ್ಣೂ ನೆಟ್ಟಿತ್ತು. ಕೊನೆಯ ಸುತ್ತಿನ ಏಳನೇ ತಿರುವಿನಲ್ಲಿ ಹುಡುಗಿ ಮುಂದಿದ್ದಳು, ಹುಡುಗ ಒಳಗಿನಿಂದ ನುಗ್ಗಿದ, ಎರಡು ಕಾರೂ ಟ್ರ್ಯಾಕಿನ ಅಂಚಿನ ಜಲ್ಲಿಯಲ್ಲಿ ಹೂತುಕೊಂಡವು. ಕ್ಯಾಮೆರಾ ಆ ಹೊತ್ತಿಗೆ ಗೆದ್ದವನ ಹಿಂದೆ ಹೋಗಿತ್ತು. ತಿರುವಿನಲ್ಲಿ ಬಾವುಟ ಹಿಡಿದು ನಿಂತವನು ತನ್ನ ಚೀಟಿಯಲ್ಲಿ "ಧೂಳು, ಕಾಣಲಿಲ್ಲ" ಎಂದು ಬರೆದು ಕೈತೊಳೆದುಕೊಂಡಿದ್ದ. ಉಳಿದದ್ದು ಆಟಿಕೆ ಕಾರು, ಮತ್ತು ಅವುಗಳನ್ನು ಇಡುವ ಕೈ.

ಹುಡುಗಿ ಗಡಿಯಾರದ ಮಗಳು.

ಗಡಿಯಾರ ಎಂದರೆ ಚಾಂಪಿಯನ್‌ನ ಹಳೆಯ ಗೆಳೆಯ, ಹಳೆಯ ಎದುರಾಳಿ. ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ಅರ್ಧ ಸೆಕೆಂಡು ಹೆಚ್ಚುಕಡಿಮೆಯಾಗದಂತೆ ಕಾರು ಓಡಿಸುತ್ತಿದ್ದನಾದ್ದರಿಂದ ಆ ಹೆಸರು. ಇಬ್ಬರೂ ಒಂದೇ ಗ್ಯಾರೇಜು ಬಾಡಿಗೆಗೆ ಹಿಡಿದಿದ್ದರು, ಒಂದೇ ಪೆಟ್ಟಿಗೆಯ ಸ್ಪ್ಯಾನರು, ಒಂದೇ ತಟ್ಟೆಯ ಊಟ. ಮೂರು ವರ್ಷದ ಈ ಮಗು ಟೈರಿನೊಳಗೆ ಕೂತು, "ಮಾಮಾ, ತಿರುಗಿಸು," ಎಂದು ಕಿರುಚುತ್ತಿತ್ತು. ಆ ವರ್ಷ ಪಟ್ಟ ತೀರ್ಮಾನವಾಗುವ ರೇಸಿನಲ್ಲಿ ಮಾಮ ಒಳಗಿನಿಂದ ನುಗ್ಗಿದ. ಡಿಕ್ಕಿಯಾಯಿತು. ಇದೇ ಮೇಜು, ಇದೇ ಡಬ್ಬಿ. ಗಡಿಯಾರ ಕಾರುಗಳನ್ನು ಇದ್ದದ್ದು ಇದ್ದ ಹಾಗೆ ಇಟ್ಟ. ಚಾಂಪಿಯನ್ ಮಾತಾಡುತ್ತಾ ಮಾತಾಡುತ್ತಾ, ತೋರಿಸುವ ನೆಪದಲ್ಲಿ, ತನ್ನ ಕಾರನ್ನು ಕಿರುಬೆರಳಿನಿಂದ ಮೆಲ್ಲಗೆ ಮುಂದೆ ಸರಿಸಿದ. ಒಂದು ಬೆರಳಿನಷ್ಟು. ಗಡಿಯಾರದ ಲೈಸೆನ್ಸು ಒಂದು ವರ್ಷ ಹೋಯಿತು, ಅವನು ಮತ್ತೆ ಕಾರು ಹತ್ತಲಿಲ್ಲ. ಲಾರಿಗಳ ಬ್ರೇಕು ರಿಪೇರಿ ಮಾಡುತ್ತಾ ಮಗಳನ್ನು ಓದಿಸಿದ, ಓಡಿಸಲು ಕಲಿಸಿದ. ಆ ವರ್ಷದ ಪಟ್ಟವೂ ಹೆಸರೂ ಇವನಿಗೆ ಬಂದವು.

"ಹೇಳಮ್ಮಾ, ಏನಾಯ್ತು?" ಎಂದರು ನಡುವಿನ ಕುರ್ಚಿಯಲ್ಲಿದ್ದ ವಕೀಲರು. ಅವರು ಅಧ್ಯಕ್ಷರು, ನಿಯಮದ ಪುಸ್ತಕ ಅವರಿಗೆ ಬಾಯಿಪಾಠ. ಆ ಕಡೆ ಕೂತ ಮೂರನೆಯವರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಇಬ್ಬರೂ ಜೀವಮಾನದಲ್ಲಿ ರೇಸು ಓಡಿಸಿದವರಲ್ಲ. ಹಾಗಾಗಿ ಡಿಕ್ಕಿಯ ವಿಷಯದಲ್ಲಿ ಚಾಂಪಿಯನ್ ಹೇಳಿದ್ದೇ ನಡೆಯುತ್ತಿತ್ತು.

ಹುಡುಗಿ ನೀಲಿ ಕಾರು ಇಟ್ಟಳು. ಕೆಂಪು ಕಾರಿನ ಮುಂಚಕ್ರ ಅದರ ಹಿಂದಿನ ಚಕ್ರದ ಪಕ್ಕಕ್ಕೆ ಬರುವಂತೆ ಇಟ್ಟಳು. ಕಣ್ಣು ಕಿರಿದು ಮಾಡಿ ನೋಡಿ, ಕೆಂಪು ಕಾರನ್ನು ತಾನೇ ಕೂದಲೆಳೆಯಷ್ಟು ಮುಂದೆ ತಂದಳು. "ಇಷ್ಟು ಬಂದಿದ್ದ ಸರ್. ಇದಕ್ಕಿಂತ ಮುಂದೆ ಇರ್ಲಿಲ್ಲ."

"ಅವನು ಬರ್ತಿರೋದು ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಸರ್. ಕನ್ನಡಿಯಲ್ಲಿ ನೋಡಿದೆ."

ಯಾವಳಾದರೂ ಹೀಗೆ ಹೇಳುತ್ತಾಳೆಯೇ? ವಕೀಲರ ಪೆನ್ನು ಟಕ್ಕನೆ ಕಾಗದದ ಮೇಲೆ ಇಳಿಯಿತು. ನೋಡಲಿಲ್ಲ ಎಂದು ಒಂದು ಮಾತು ಅಂದಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಅಪ್ಪನ ಮಗಳು, ಇನ್ನೇನು.

ಹುಡುಗನ ಸರದಿ ಬಂತು. ಮಾತು ಬೆಣ್ಣೆಯಷ್ಟು ನುಣುಪು. "ಸರ್, ಅಕ್ಕನ ಮೇಲೆ ನಂಗೆ ತುಂಬಾ ಗೌರವ ಇದೆ. ಸುಳ್ಳು ಹೇಳ್ತಿದ್ದಾರೆ ಅಂತ ನಾನು ಅನ್ನಲ್ಲ. ಆ ಸ್ಪೀಡಲ್ಲಿ ಕನ್ನಡಿಯಲ್ಲಿ ಸರಿಯಾಗಿ ಗೊತ್ತಾಗಲ್ಲ. ನಾನು ಇಲ್ಲಿ ಬ್ರೇಕ್ ಹಿಡಿದೆ ಸರ್, ಇಲ್ಲಿ ಸ್ಟೇರಿಂಗ್ ತಿರುಗಿಸಿದೆ..." ಎನ್ನುತ್ತಾ ಬಲಗೈ ತೋರುಬೆರಳಿನಿಂದ ತಿರುವನ್ನು ತೋರಿಸಿದ. ವಕೀಲರೂ ಮ್ಯಾನೇಜರೂ ಬಲಗೈಯನ್ನೇ ನೋಡುತ್ತಿದ್ದರು. ಅವನ ಎಡಗೈ ಕಿರುಬೆರಳು ಕೆಂಪು ಕಾರಿನ ಹಿಂಬದಿಗೆ ಆತುಕೊಂಡು ಅದನ್ನು ಮೆಲ್ಲಗೆ ಮುಂದೆ ಸರಿಸಿತು.

ಚಾಂಪಿಯನ್ ಆ ಬೆರಳನ್ನೇ ನೋಡುತ್ತಿದ್ದ.

ಹುಡುಗಿ ಕೈ ಚಾಚಿ ಕಾರನ್ನು ಮತ್ತೆ ಹಿಂದಕ್ಕಿಟ್ಟಳು. ಹುಡುಗ ನಕ್ಕು, "ಇರ್ಲಿ ಅಕ್ಕಾ," ಎಂದು ಮಾತು ಮುಂದುವರಿಸಿದ, ಕಾರೂ ಮುಂದುವರಿಯಿತು. ಅವಳು ಚಾಂಪಿಯನ್‌ನ ಮುಖ ನೋಡಿದಳು. ಬೇಡುವ ನೋಟವಲ್ಲ ಅದು. ನೋಡಿದಿರಲ್ಲ, ಇನ್ನು ನಾನು ಹೇಳುವುದೇನಿದೆ ಎನ್ನುವ ನೋಟ. ಇವನು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸತೊಡಗಿದ. ಕೊಳೆಯೇನೂ ಆಗಿರಲಿಲ್ಲ.

ಇಬ್ಬರನ್ನೂ ಹೊರಗೆ ಕಳಿಸಿದ ಮೇಲೆ ಮೇಜಿನ ಮೇಲೆ ಎರಡು ಲಕೋಟೆ ಉಳಿದವು. ಪ್ರತಿಯೊಬ್ಬರ ಹಳೆಯ ದಂಡದ ಪಾಯಿಂಟು ಅದರಲ್ಲಿರುತ್ತದೆ. ತೀರ್ಪಿಗೆ ಸಹಿ ಬೀಳುವ ತನಕ ಅದನ್ನು ಒಡೆಯುವ ಹಾಗಿಲ್ಲ, ಮನಸ್ಸು ಆ ಕಡೆ ಈ ಕಡೆ ವಾಲಬಾರದೆಂದು. ಹನ್ನೆರಡು ಪಾಯಿಂಟಾದರೆ ಲೈಸೆನ್ಸು ಒಂದು ವರ್ಷ ರದ್ದು. ಹುಡುಗಿಯದು ಹತ್ತಾಗಿದೆ ಎಂಬುದು ಕಾರು ರಿಪೇರಿ ನಡೆಯುವ ಪಿಟ್ಟಿನಲ್ಲಿ ಚಹಾ ಮಾರುವವನಿಗೂ ಗೊತ್ತಿತ್ತು. ಚಾಂಪಿಯನ್‌ಗೆ ಮಾತ್ರ, ನಿಯಮದ ಪ್ರಕಾರ, ಗೊತ್ತಿರಬಾರದಾಗಿತ್ತು. ನಿಯಮ ಪಾಲಿಸುವುದರಲ್ಲಿ ಅವನದು ಎತ್ತಿದ ಕೈ.

"ನೋಡಿದೆ ಅಂತ ಅವಳೇ ಒಪ್ಕೊಂಡ್ಲು," ಎಂದರು ವಕೀಲರು. "ನೋಡಿಯೂ ತಿರುಗಿಸಿದ್ರೆ ತಪ್ಪು ಅವಳದೇ."

"ಹುಡುಗ ಸ್ವಲ್ಪ ಜಾಸ್ತೀನೇ ನಯವಾಗಿ ಮಾತಾಡ್ದ," ಎಂದರು ಮ್ಯಾನೇಜರು. "ಸಾಲ ಕೇಳೋಕೆ ಬರೋರು ಹಿಂಗೇ ಮಾತಾಡೋರು. ನಂಗ್ಯಾಕೋ ನಂಬಿಕೆ ಬರಲ್ಲ. ನೀವು ಹೇಳಿ ಚಾಂಪಿಯನ್ ಸರ್, ಓಡಿಸಿದೋರು ನೀವು. ಕೆಂಪು ಕಾರು ಎಲ್ಲಿತ್ತು?"

ಹೇಳುವುದೇನೋ ಸುಲಭವಿತ್ತು. ಹುಡುಗ ಬೆರಳಿನಿಂದ ಸರಿಸಿದ, ನಾನು ಕಂಡೆ. ಇಷ್ಟೇ. ಆದರೆ ವಕೀಲರು ಸುಮ್ಮನಿರುವ ಪ್ರಾಣಿಯಲ್ಲ. ಎಲ್ಲರ ಕಣ್ಣೂ ಬಲಗೈಯ ಮೇಲಿದ್ದಾಗ ನಿಮ್ಮ ಕಣ್ಣು ಎಡಗೈಯ ಮೇಲೆ ಯಾಕಿತ್ತು ಎಂದು ಕೇಳುತ್ತಾರೆ. ಹುಡುಗನನ್ನು ಕರೆಸಿ ಕೇಳುತ್ತಾರೆ. ಹುಡುಗನ ಕಡೆಯವರು ಹಳೆಯ ಕಡತ ತೆಗೆಸುತ್ತಾರೆ, ಗಡಿಯಾರವನ್ನೂ ಮೇಲೆ ಕರೆಸುತ್ತಾರೆ. ಅಲ್ಲಿಂದ ಹತ್ತೊಂಬತ್ತು ವರ್ಷದ ಹಿಂದಕ್ಕೆ ಎಷ್ಟು ದೂರ? ಮನೆಯ ಗಾಜಿನ ಕಪಾಟಿನಲ್ಲಿರುವ ಟ್ರೋಫಿ, ಗೋಡೆಯ ಫೋಟೋ, ಚಾಂಪಿಯನ್ ಎಂಬ ಹೆಸರು, ಈ ಮೆತ್ತನೆಯ ಕುರ್ಚಿ ಎಲ್ಲವೂ ಕಣ್ಣ ಮುಂದೆ ಬಂದವು.

"ಇಬ್ಬರದೂ ತಪ್ಪಿದೆ," ಎಂದ, ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ. "ಅವನು ಸ್ವಲ್ಪ ಆತುರ ಪಟ್ಟ, ಇವಳು ಸ್ವಲ್ಪ ಜಾಗ ಬಿಡಬಹುದಿತ್ತು. ಸಮಾನ ಹೊಣೆ. ಇಬ್ಬರಿಗೂ ಎರಡೆರಡು ಪಾಯಿಂಟ್."

ಅವಳ ಮೇಲೇ ಪೂರ್ತಿ ಹಾಕಬಹುದಿತ್ತು, ಹಾಕಲಿಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಸಮಾನ ಎಂಬ ಮಾತು ಎಷ್ಟು ಚೆನ್ನಾಗಿ ಕೇಳುತ್ತದೆ! ಮೂವರೂ ಸಹಿ ಹಾಕಿದರು. ಲಕೋಟೆ ಒಡೆದರು. ಹುಡುಗನದು ಸೊನ್ನೆ, ಈಗ ಎರಡು. ಹುಡುಗಿಯದು ಹತ್ತು, ಈಗ ಹನ್ನೆರಡು.

"ಅಯ್ಯೋ ಪಾಪ," ಎಂದರು ಮ್ಯಾನೇಜರು.

"ನಮಗೇನು ಗೊತ್ತಿತ್ತು," ಎಂದ ಚಾಂಪಿಯನ್.

ತೀರ್ಪಿನ ಕಾಗದವನ್ನು ಕೆಳಗಿನ ಬೋರ್ಡಿಗೆ ಹಚ್ಚಿದರು. ಹಚ್ಚಿದ ಮೇಲೆ ಅರ್ಧ ಗಂಟೆಯವರೆಗೆ ತೀರ್ಪುಗಾರ ತನ್ನ ಮಾತನ್ನು ಹಿಂತೆಗೆದುಕೊಳ್ಳಬಹುದು. ಆಮೇಲೆ ಅದು ಕಲ್ಲಿನ ಮೇಲೆ ಕೊರೆದ ಹಾಗೆ. ಇಷ್ಟು ವರ್ಷದಲ್ಲಿ ಯಾರೂ ಹಿಂತೆಗೆದುಕೊಂಡಿರಲಿಲ್ಲ. ಚಾಂಪಿಯನ್ ಸೀದಾ ಮನೆಗೆ ಹೋಗಬೇಕೆಂದೇ ಮೆಟ್ಟಿಲಿಳಿದ. ಕಾಲು ಮಾತ್ರ ಪಿಟ್ಟಿನ ಕೊನೆಯ ಶೆಡ್ಡಿಗೆ ಎಳೆದುಕೊಂಡು ಹೋಯಿತು.

ಗಡಿಯಾರ ನೆಲದ ಮೇಲೆ ಕೂತು ನೀಲಿ ಕಾರಿನ ಮುರಿದ ಚಕ್ರ ಬಿಚ್ಚುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು, ಕೈ ಮಾತ್ರ ಹಳೆಯದೇ. ತಲೆಯೆತ್ತದೆ, "ಬಂದ್ಯಾ," ಎಂದ. "ಇದನ್ನ ಹಿಡ್ಕೋ." ಬಿಚ್ಚಿದ ನಟ್ಟೊಂದನ್ನು ಚಾಂಪಿಯನ್‌ನ ಅಂಗೈಗೆ ಹಾಕಿದ. ಹಳೆಯ ಗ್ಯಾರೇಜಿನಲ್ಲೂ ಹೀಗೇ. ಒಬ್ಬ ಬಿಚ್ಚುವುದು, ಒಬ್ಬ ಹಿಡಿದುಕೊಳ್ಳುವುದು.

"ನಾನು ಪೂರ್ತಿ ಅವಳ ಮೇಲೆ ಬೀಳೋಕೆ ಬಿಡ್ಲಿಲ್ಲ ಕಣೋ," ಎಂದ ಚಾಂಪಿಯನ್. "ವಕೀಲ್ರು ಹಾಗೇ ಬರೀಬೇಕು ಅಂತಿದ್ರು."

ಗಡಿಯಾರ ಎರಡನೆಯ ನಟ್ಟು ಕೊಟ್ಟ.

"ಮೇಲೆ ಹೋಗೋ ಮುಂಚೆ ಅವಳು ಕೇಳಿದ್ಲು," ಎಂದ. "ಅಪ್ಪಾ, ಅವನು ಕಾರು ಮುಂದೆ ಸರಿಸ್ತಾನೆ ಅನ್ಸುತ್ತೆ, ನಾನು ಮೊದಲೇ ಒಂದು ಬೆರಳು ಹಿಂದೆ ಇಟ್ಬಿಡ್ಲಾ, ಸರಿಹೋಗುತ್ತೆ ಅಂತ. ನಾನೇ ಬೇಡ ಅಂದೆ. ಇದ್ದ ಜಾಗದಲ್ಲೇ ಇಡು, ಕೇಳಿದ್ದಕ್ಕೆ ನಿಜ ಹೇಳು ಅಂದೆ. ಅಲ್ಲಿ ಮಾಮ ಕೂತಿರ್ತಾನೆ, ಬೇರೆ ಯಾರಿಗೆ ಗೊತ್ತಾಗದಿದ್ರೂ ಅವನಿಗೆ ಗೊತ್ತಾಗುತ್ತೆ ಅಂದೆ."

ಚಾಂಪಿಯನ್ ಅಂಗೈಯ ನಟ್ಟುಗಳನ್ನು ನೋಡಿದ. "ಅವತ್ತು... ನೀನು ನೋಡಿದ್ಯಾ?" ಎಂದ.

"ನಿನ್ನ ಪಕ್ಕದಲ್ಲೇ ಕೂತಿದ್ನಲ್ಲೋ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನೇ ಹೇಳ್ತೀಯ ಅನ್ಕೊಂಡೆ. ಇವತ್ತಲ್ಲ ನಾಳೆ." ಗಡಿಯಾರ ಮೂರನೆಯ ನಟ್ಟು ಕೊಟ್ಟ. "ಅವಳಿಗೆ ನಾನೇನೂ ಹೇಳಿಲ್ಲ. ಅವಳ ಪಾಲಿಗೆ ನೀನು ಟೈರು ತಿರುಗಿಸ್ತಿದ್ದ ಮಾಮ, ಅಷ್ಟೇ."

ಅಷ್ಟರಲ್ಲಿ ಹುಡುಗಿ ಬೋರ್ಡು ನೋಡಿಕೊಂಡು ಬಂದಳು. ಹೆಲ್ಮೆಟ್ಟು ಕಂಕುಳಲ್ಲಿತ್ತು. ಅತ್ತಿರಲಿಲ್ಲ. ಅತ್ತಿದ್ದರೆ ಚಾಂಪಿಯನ್‌ಗೆ ಸ್ವಲ್ಪ ಹಗುರವಾಗುತ್ತಿತ್ತೇನೋ. ಕೋಣೆಯಲ್ಲಿ ಸರ್ ಎಂದವಳು ಇಲ್ಲಿ ಅಪ್ಪನ ಎದುರಿಗೆ ಹಾಗೆನ್ನಲಿಲ್ಲ.

"ಮಾಮಾ, ಒಂದು ಕೇಳ್ಲಾ? ಅವನು ಎಡಗೈಯಲ್ಲಿ ಕಾರು ಸರಿಸಿದ್ದು ನೀವು ನೋಡಿದ್ರಾ?"

ಗಡಿಯಾರದ ಕೈಯ ಸ್ಪ್ಯಾನರು ಅರ್ಧಕ್ಕೆ ನಿಂತಿತು.

ಹೌದು ಎಂದರೆ ಸಾಕಿತ್ತು. ಇಡೀ ಶೆಡ್ಡಿನಲ್ಲಿ ಮೂರೇ ಜನ. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಹೌದು ಎಂದಮೇಲೆ ಮೇಲಕ್ಕೆ ಹೋಗಬೇಕಲ್ಲ, ಆ ಕಬ್ಬಿಣದ ಮೆಟ್ಟಿಲು ಹತ್ತಿ.

"ಇಲ್ಲಮ್ಮಾ," ಎಂದ. "ಕನ್ನಡಕ ಒರೆಸ್ತಿದ್ದೆ ಅನ್ಸುತ್ತೆ."

ಹುಡುಗಿ ಒಂದು ಕ್ಷಣ ಯೋಚಿಸಿ ತಲೆಯಾಡಿಸಿದಳು. ನಂಬಿದಳು. "ಹಂಗಾದ್ರೆ ನಂದೇ ತಪ್ಪು ಮಾಮಾ. ನೀವು ನೋಡಿದ್ರಿ ಅನ್ಕೊಂಡು ಸುಮ್ಮನಿದ್ಬಿಟ್ಟೆ. ಬಾಯಿಬಿಟ್ಟು ಹೇಳ್ಬೇಕಾಗಿತ್ತು." ಹೆಲ್ಮೆಟ್ಟನ್ನು ಮೊಳೆಗೆ ತೂಗುಹಾಕಿ, ಲಾರಿ ಕರೆಯಲು ಹೊರಗೆ ಹೋದಳು.

ಗಡಿಯಾರ ನಾಲ್ಕನೆಯ ನಟ್ಟನ್ನೂ ಬಿಚ್ಚಿ ಅವನ ಅಂಗೈಯಲ್ಲಿಟ್ಟ. ತೋಳಿನಿಂದ ಬೆವರು ಒರೆಸಿಕೊಂಡು ಕೈಗಡಿಯಾರ ನೋಡಿಕೊಂಡ.

"ಇನ್ನೂ ಎಂಟು ನಿಮಿಷ ಇದೆ," ಎಂದ.

ಶೆಡ್ಡಿನ ಬಾಗಿಲಿನಿಂದ ಕಬ್ಬಿಣದ ಮೆಟ್ಟಿಲು ಕಾಣುತ್ತಿತ್ತು. ಚಾಂಪಿಯನ್ ನಾಲ್ಕು ನಟ್ಟುಗಳನ್ನೂ ಬಿಗಿಯಾಗಿ ಹಿಡಿದುಕೊಂಡು ಎಂಟು ನಿಮಿಷವೂ ಅಲ್ಲೇ ನಿಂತಿದ್ದ. ಆಮೇಲೆ ಗಡಿಯಾರ ಕೈ ಚಾಚಿ, "ಕೊಡು," ಎಂದು ಅವನ್ನು ವಾಪಸು ತೆಗೆದುಕೊಂಡ.