ಹಗ್ಗ ಬಿಚ್ಚಿದ ಮನೆ

ಝುಲ್ಮಿರಾಳದು ಒಂದೇ ಹಟ: ಮನೆ ಬಿಟ್ಟು ಬರುವುದಿಲ್ಲ. ತೊರಕೆ ಮೀನು ಬಾಲದ ಮುಳ್ಳಿನಿಂದ ಚುಚ್ಚಿದ ಕಾಲು ಕುಂಬಳಕಾಯಿಯ ಹಾಗೆ ಊದಿ ಕೀವು ತುಂಬಿತ್ತು. ಮೂರು ವಾರದಿಂದ ಜ್ವರ. ನೌಕಾಪಡೆಯ ಆಸ್ಪತ್ರೆ ಹಡಗು ಅವರ ಮನೆಯಿದ್ದ ತೊರೆಯ ಬಾಯಲ್ಲಿ ಬಂದು ನಿಂತಿತ್ತು. ನೀರು ಇಳಿದಿದ್ದರಿಂದ ಒಳಗೆ ಬರಲಾರದು, ಸಂಜೆಗೆ ಹೊರಟುಬಿಡುತ್ತದೆ. ಮತ್ತೆ ಅದು ಈ ಕಡೆ ತಲೆ ಹಾಕುವುದು ಆರು ತಿಂಗಳ ಮೇಲೆ. ಅಷ್ಟು ಹೊತ್ತಿಗೆ ಕಾಲು ಉಳಿಯುವುದಿಲ್ಲ, ಅವಳೂ ಉಳಿಯುವುದು ಅನುಮಾನ ಎಂದು ಗಂಡ ಅನಾಕ್ಲೆಟುವಿಗೆ ಗೊತ್ತಿತ್ತು.

“ದೋಣಿ ತಂದಿದೀನಿ ಕಣೇ. ಎತ್ಕೊಂಡು ಹೋಗ್ತೀನಿ.”

“ನಮ್ಮಕ್ಕನ್ನೂ ಹಿಂಗೇ ಎತ್ಕೊಂಡು ಹೋದ್ರು, ಇದೇ ಬಾಗಿಲಿಂದ, ಪಟ್ಟಣದ ಆಸ್ಪತ್ರೆಗೆ. ಪೆಟ್ಟಿಗೇಲಿ ಬಂದ್ಲು. ನಾನು ಬರಲ್ಲ. ಸುಮ್ನೆ ಕಾಫಿ ಕುಡಿ, ಮುದುಕಾ.”

ಅನಾಕ್ಲೆಟು ಕಾಫಿ ಕುಡಿದ. ನಲವತ್ತು ವರ್ಷದ ಸಂಸಾರದಲ್ಲಿ ಅವನು ವಾದ ಗೆದ್ದದ್ದು ಎರಡೇ ಸಲ, ಎರಡೂ ಸಲ ಅವಳಿಗೆ ನಿದ್ದೆ ಬಂದಿತ್ತು. ಲೋಟ ತೊಳೆದಿಟ್ಟು ಹೊರಗೆ ಹೋಗಿ, ಮನೆಯನ್ನು ದಡದ ಮರಗಳಿಗೆ ಕಟ್ಟಿದ್ದ ಹಗ್ಗಗಳನ್ನು ಒಂದೊಂದಾಗಿ ಬಿಚ್ಚಿದ.

ಅಮೆಜಾನಿನ ನಮ್ಮ ಕಡೆ ಮನೆ ಕೂತಿರುವುದು ದಿಮ್ಮಿಗಳ ಮೇಲೆ, ದಿಮ್ಮಿಗಳು ನೀರಿನ ಮೇಲೆ. ಮನೆಗೆ ಕಟ್ಟಿದ ಮೋಟಾರು ದೋಣಿ ಮುಂದೆ ಎಳೆಯಿತು, ಹರಿವು ಹಿಂದಿನಿಂದ ನೂಕಿತು. ಕೋಳಿಗಳು, ಡಬ್ಬದಲ್ಲಿ ಬೆಳೆದ ಈರುಳ್ಳಿ ಸೊಪ್ಪು, ಒಣಹಾಕಿದ್ದ ಲಂಗ ಎಲ್ಲವೂ ಮೆರವಣಿಗೆ ಹೊರಟವು.

“ಏನೋ ಮಾಡ್ತಿದೀಯಾ? ಮರಗಳು ಯಾಕೆ ನಡೀತಿವೆ?”

“ನೀನು ಮನೇಲೇ ಇದೀಯಲ್ಲ, ನಿಂಗೇನು ಕಷ್ಟ?”

ಯಾರದೋ ಮನೆ ಕೊಚ್ಚಿಕೊಂಡು ಬಂತೆಂದು ಹಡಗಿನವರು ಗಾಬರಿಯಿಂದ ಸೀಟಿ ಊದಿದರು. ಆಮೇಲೆ ವಿಷಯ ತಿಳಿದು ನಕ್ಕು, ಮನೆಯನ್ನು ಹಡಗಿಗೆ ಕಟ್ಟಲು ಹಗ್ಗ ಎಸೆದರು. ಚಿಕ್ಕ ವಯಸ್ಸಿನ ವೈದ್ಯೆಯೊಬ್ಬಳು ಹಡಗಿನಿಂದ ನೇರ ಜಗಲಿಗೇ ಇಳಿದಳು.

“ಕಾಲು ಒರೆಸ್ಕೊಂಡು ಬಾ ತಾಯಿ,” ಎಂದಳು ಝುಲ್ಮಿರಾ ಒಳಗಿನಿಂದ.

ವೈದ್ಯೆ ಒರೆಸಿಕೊಂಡೇ ಬಂದಳು. ಹುಣ್ಣು ನೋಡಿ ಅವಳ ಮುಖ ಸಣ್ಣದಾಯಿತು. “ಒಳಗೆ ಮುಳ್ಳು ಮುರ್ಕೊಂಡಿದೆ ಅಮ್ಮಾ. ಎಕ್ಸ್‌ರೇ ಮಾಡಿ, ಕೊಯ್ದು ತೆಗೀಬೇಕು. ಆ ಯಂತ್ರ ಇಲ್ಲಿಗೆ ತರಕ್ಕಾಗಲ್ಲ. ನೀವೇ ಹಡಗಿಗೆ ಬರ್ಬೇಕು.”

ಮಾಡಿದ್ದೆಲ್ಲ ಮಣ್ಣುಪಾಲಾಯಿತು ಎಂದುಕೊಂಡ ಅನಾಕ್ಲೆಟು.

ಝುಲ್ಮಿರಾ ಬಾಗಿಲಾಚೆ ನೋಡಿದಳು. ಜಗಲಿಗೂ ಹಡಗಿಗೂ ಇದ್ದದ್ದು ಒಂದೇ ಹೆಜ್ಜೆ.

“ಮನೆ ಇಲ್ಲೇ ಇರತ್ತಾ?”

“ಇರತ್ತೆ. ಹಗ್ಗ ನಾನೇ ಹಿಡ್ಕೊಂಡಿರ್ತೀನಿ,” ಎಂದ ಅನಾಕ್ಲೆಟು.

“ಹಾಗಾದ್ರೆ ಯಾರೂ ಎತ್ತೋದು ಬೇಡ. ನಾನೇ ನಡೀತೀನಿ.”

ಹಲ್ಲು ಕಚ್ಚಿ, ಇಬ್ಬರು ನಾವಿಕರ ಹೆಗಲು ಹಿಡಿದು, ಆ ಹೆಜ್ಜೆಯನ್ನು ಅವಳೇ ಇಟ್ಟಳು.

ನಾವಿಕರು ಎರಡೆರಡು ಗಂಟು ಹಾಕಿದ್ದರೂ ಅನಾಕ್ಲೆಟು ಹಗ್ಗ ಬಿಡಲಿಲ್ಲ. ಯಾರೋ ಕೊಟ್ಟ ಹುರಿದ ಮೀನು, ಮರಗೆಣಸಿನ ಹಿಟ್ಟನ್ನು ಒಂದೇ ಕೈಯಲ್ಲಿ ತಿಂದ. ಹೆದರಿಕೆಯಾಗಿತ್ತು, ಸುಳ್ಳು ಯಾಕೆ ಹೇಳಬೇಕು.

ನಾಲ್ಕು ಗಂಟೆಗೆ ಅವಳು ಬಂದಳು. ಕಾಲಿಗೆ ಬ್ಯಾಂಡೇಜು, ಕೈಯಲ್ಲಿ ಮಾತ್ರೆಗಳ ಚೀಲ, ಪುಟ್ಟ ಶೀಶೆಯಲ್ಲಿ ಆ ಮುಳ್ಳು. “ಕಾಲು ಉಳೀತು ಅಜ್ಜಾ,” ಎಂದಳು ಹಿಂದೆ ಬಂದ ವೈದ್ಯೆ. ಝುಲ್ಮಿರಾ ಕುಂಟುತ್ತಾ ನೆಟ್ಟಗೆ ಒಳಗೆ ಹೋಗಿ, ಗೋಡೆಯ ಮೇಲಿದ್ದ ಅಕ್ಕನ ಫೋಟೋದ ಮುಂದೆ ನಿಂತಳು.

“ನೋಡೇ, ಹೋದೆ, ಬಂದೆ,” ಎಂದು ಅತ್ತಳು.

ಆಮೇಲೆ ಕಣ್ಣೊರೆಸಿಕೊಂಡು ಜಗಲಿಗೆ ಬಂದಳು. “ಬಂದಾಯ್ತಲ್ಲ, ಇನ್ನಾದ್ರೂ ಹಗ್ಗ ಬಿಡೋ ಮುದುಕಾ.”

ಬಿಡೋಣವೆಂದರೆ ಅವನ ಬೆರಳುಗಳು ಮರಗಟ್ಟಿ ಹೋಗಿದ್ದವು. ಅವಳೇ ಪಕ್ಕದಲ್ಲಿ ಕೂತು ಒಂದೊಂದಾಗಿ ಬಿಡಿಸಿದಳು.