ತೂತು ಬಿದ್ದ ಕಿತ್ತಳೆ

"ಬಿಚ್ಚ್ರೇ ಪಿನ್ನು, ಮುಂಡೇರಾ! ಬಳೇಲಿರೋದು, ತಾಳೀಲಿರೋದು, ಒಂದೂ ಉಳೀಬಾರ್ದು. ಎಲ್ಲ ಈ ಕರಟಕ್ಕೆ ಹಾಕಿ. ನನ್ನ ಕೈಗೆ ಕೊಡೋಕೆ ಬರಬೇಡಿ."

ಮಲೆನಾಡಿನ ನಾರ್ವೆ ಎಂಬ ಊರಿನ ರೇಣುಕಪ್ಪಗೌಡರು ಕಿತ್ತಳೆ ಗಿಡದ ಬುಡದಲ್ಲಿ ತೆಂಗಿನ ಕರಟ ಇಟ್ಟು ದೂರ ಸರಿದು ನಿಂತಿದ್ದರು. ಆ ವರ್ಷ ಹಣ್ಣುಗಳ ಮೇಲೆಲ್ಲ ಸೂಜಿಯಿಂದ ಚುಚ್ಚಿದಂಥ ತೂತು. ತೂತಿನ ಸುತ್ತ ಕೊಳೆತು, ಬಣ್ಣ ತಿರುಗುತ್ತಿದ್ದಂತೆಯೇ ಹಣ್ಣು ಉದುರುತ್ತಿತ್ತು. ಉದುರಿದ್ದು ಆಳುಗಳಿಗೆ ಎಂಬುದು ಗೌಡರ ಅಪ್ಪನ ಕಾಲದಿಂದ ಆ ತೋಟದಲ್ಲಿ ನಡೆದುಬಂದ ದೊಡ್ಡ ಧರ್ಮ. ಆ ಧರ್ಮದ ಆಸೆಗೆ ಬಿದ್ದು ಹೆಂಗಸರೇ ಪಿನ್ನಿನಿಂದ ಚುಚ್ಚಿ ಉದುರಿಸುತ್ತಿದ್ದಾರೆ ಎಂದು ಗೌಡರು ಬಹಳ ಯೋಚಿಸಿ ಕಂಡುಹಿಡಿದಿದ್ದರು.

ಆಳು ಹೆಂಗಸರಲ್ಲಿ ಒಬ್ಬಳಾದ ಚೌಡಿ ಬಳೆಯಲ್ಲಿದ್ದ ಪಿನ್ನನ್ನು ಕರಟಕ್ಕೆ ಹಾಕಿ ಹಿಂದೆ ಸರಿದಳು.

"ರವಿಕೇದು?"

"ಹುಕ್ಕು ಕಿತ್ತೋಗೈತೆ ಗೌಡ್ರೆ. ಅದೊಂದು ಬಿಟ್ಬಿಡಿ."

"ಕಳ್ಳೀಗೆ ಮಾನ ಬೇರೆ ಕೇಡು. ತೆಗಿಯೇ!"

ತೆಗೆದಳು. ಸೆರಗನ್ನು ಬಿಗಿಯಾಗಿ ಸುತ್ತಿ, ಒಂದು ಕೈಯಲ್ಲಿ ಎದೆ ಹಿಡಿದುಕೊಂಡು, ಇನ್ನೊಂದರಲ್ಲಿ ಸಂಜೆಯವರೆಗೆ ಕಳೆ ಕಿತ್ತಳು. ಮರುದಿನದಿಂದ ಊರಲ್ಲಿ ಅವಳು ಪಿನ್ನುಕಳ್ಳಿ. ಅಂಗಡಿ ಬೈರಪ್ಪ ಅವಳನ್ನು ಕಂಡೊಡನೆ ಬಾಳೆಗೊನೆಯನ್ನು ಒಳಗೆಳೆದುಕೊಂಡ. "ಚುಚ್ಚೀಯ ಮಾರಾಯ್ತಿ! ಇದು ಗೌಡ್ರ ತೋಟ ಅಲ್ಲ, ನನ್ನ ಹೊಟ್ಟೆಪಾಡು."

ಪಿನ್ನೆಲ್ಲ ಕರಟ ಸೇರಿದರೂ ತೂತು ಬೀಳುವುದು ನಿಲ್ಲಲಿಲ್ಲ. ಗೌಡರು ಹೆಂಗಸರ ಉಗುರಿನ ಕಡೆ ನೋಡತೊಡಗಿದರು. ಅವರು ಉಗುರು ಕೀಳಿಸುವುದಕ್ಕೆ ಮೊದಲು ಹೆಂಡತಿ ಸರ್ವಮಂಗಳಮ್ಮ ಪುಣ್ಯ ಕಟ್ಟಿಕೊಂಡರು: ಹಣ್ಣಿನ ಬೆಳೆಗೆ ಬೀಳುವ ಪತಂಗಗಳ ಮೇಲೆ ಸಂಶೋಧನೆ ಮಾಡುವ ಅಮೂಲ್ಯಾ ಎಂಬ ಹುಡುಗಿಯನ್ನು ಕೃಷಿ ಕಾಲೇಜಿನಿಂದ ಕರೆಸಿದರು.

ಅಮೂಲ್ಯಾ ಕತ್ತಲಾಗುವಾಗ ಟಾರ್ಚ್ ಹಿಡಿದು ತೋಟ ಸುತ್ತಿ, ಹಣ್ಣಿನ ಮೇಲೆ ಕೂತಿದ್ದ ದಪ್ಪ ಪತಂಗಗಳನ್ನು ಬಲೆಯಲ್ಲಿ ಹಿಡಿದಳು. ಒಳ್ಳೆಯ ಹಣ್ಣಿದ್ದ ಎರಡು ಕೊಂಬೆಗಳಿಗೆ ಸೊಳ್ಳೆಪರದೆಯ ಚೀಲ ಕಟ್ಟಿ, ಒಂದರೊಳಗೆ ಮಾತ್ರ ಪತಂಗ ಬಿಟ್ಟಳು. ಕೆಲವು ದಿನ ಕಳೆದು ಎಲ್ಲರನ್ನೂ ಕರೆದು ಚೀಲ ಬಿಚ್ಚಿದಳು. ಪತಂಗವಿದ್ದ ಚೀಲದ ಹಣ್ಣಿಗೆಲ್ಲ ತೂತು. ಇನ್ನೊಂದರ ಹಣ್ಣು ನುಣ್ಣಗಿತ್ತು.

"ನೋಡಿ ಸರ್, ಇದರ ಸೊಂಡಿಲ ತುದಿ ಗರಗಸದ ಥರ ಇದೆ. ಸಿಪ್ಪೆ ಕೊರೆದು ರಸ ಹೀರುತ್ತೆ. ಇದು ಮನುಷ್ಯರ ಕೆಲಸ ಅಲ್ಲವೇ ಅಲ್ಲ."

ಅವಳು ಸತ್ತ ಪತಂಗವೊಂದನ್ನು ಪೆಟ್ಟಿಗೆಯಲ್ಲಿ ಚುಚ್ಚಿಡಲು ಪಿನ್ನು ಹುಡುಕುತ್ತಿದ್ದಳು. ಗೌಡರು ಹೊಟ್ಟೆ ಕುಣಿಸಿ ನಕ್ಕರು. "ಪಿನ್ನಿಗೆ ಬರವಾ ಮೇಡಂ? ಕರಟದ ತುಂಬ ಇದೆ, ತಗೊಳ್ಳಿ!"

ಚೌಡಿ ಕಾದಳು. ಗೌಡರು ಈಗ ಹೇಳುತ್ತಾರೆ, ಇನ್ನೇನು ಹೇಳುತ್ತಾರೆ. ಗೌಡರು ಕಾಫಿ ತರಲು ಹೇಳಿದರು.

"ಇದರ ಮರಿಹುಳ ಹಣ್ಣಲ್ಲಿ ಇರಲ್ಲ," ಎಂದಳು ಅಮೂಲ್ಯಾ. "ಅಮೃತಬಳ್ಳಿ ಎಲೆ ತಿಂದು ಬೆಳೆಯುತ್ತೆ. ಅದು ಸಿಕ್ಕಿದ್ರೆ ಪೂರ್ತಿ ಗೊತ್ತಾಗುತ್ತೆ."

ಪೂರ್ತಿ ಗೊತ್ತಾಗಲಿ ಎಂದೇ ಚೌಡಿ ಕೇರಿಗೆ ಓಡಿದಳು. ತನ್ನ ಗುಡಿಸಲ ಬೇಲಿಯಿಂದ ಎಲೆ ಸಮೇತ ಹುಳವೊಂದನ್ನು ತಂದಳು. ಕಪ್ಪಗೆ, ಪಕ್ಕೆಯ ಮೇಲೆ ಕಣ್ಣಿನಂಥ ಮಚ್ಚೆ.

"ಇದೇನಾ ಅವ್ವಾ?"

"ಇದೇ! ಎಲ್ಲಿತ್ತು?"

"ನಮ್ಮ ಬೇಲೀಲೇ. ಬಳ್ಳಿ ತುಂಬ ಹಬ್ಬೈತೆ."

ಗೌಡರ ಮುಖ ಅರಳಿತು. "ಕೇಳಿದ್ರಾ ಮೇಡಂ? ಸಾಕಿ ಸಾಕಿ ನನ್ನ ತೋಟಕ್ಕೆ ಬಿಡ್ತಿರೋರೇ ಇವರು!"

"ಹಾಗಲ್ಲ ಸರ್, ಈ ಬಳ್ಳಿ ಕಾಡಂಚಲ್ಲೆಲ್ಲ ಇರುತ್ತೆ. ನಿಮ್ಮ ಬಾವಿ ಪಕ್ಕದ ಮಾವಿನ ಮರದ ಮೇಲೂ ಇದೆ."

"ಅದು ನಮ್ಮ ಮನೆಯೋಳ ಕಷಾಯದ್ದು. ಅದರಲ್ಲಿ ಎಂತ ಹುಳ?" ಗೌಡರು ಚೌಡಿಯ ಕಡೆ ತಿರುಗಿದರು. "ನಾಳೆ ಬೆಳಗಾಗೋದ್ರೊಳಗೆ ಆ ಬೇಲಿ ಕಿತ್ತಿರಬೇಕು. ಇಲ್ಲದಿದ್ರೆ ಗುಡಿಸಲೂ ಸೇರಿಸಿ ಕೀಳಿಸ್ತೀನಿ."

"ಬೇಲಿ ಮಾತು ಆಮೇಲೆ ಗೌಡ್ರೆ. ನಾನು ಕಳ್ಳಿ ಅಲ್ಲ ಅಂತ ಒಂದು ಮಾತು ಹೇಳಿ. ಎಲ್ರ ಮುಂದೆ ಅಂದಿದ್ರಿ. ಎಲ್ರ ಮುಂದೆ ಹೇಳಿ."

"ಕಳ್ಳನ್ನ ಮನೇಲಿಟ್ಕೊಂಡು ಮೇಯಿಸೋಳು ಕಳ್ಳಿ ಅಲ್ದೆ ಗರತಿಯೇನೇ, ಬೇವರ್ಸಿ?"

ಚೌಡಿ ಅಮೂಲ್ಯಾಳ ಮುಖ ನೋಡಿದಳು. ಅಮೂಲ್ಯಾ ಕ್ಯಾಮೆರಾವನ್ನು ಹುಳದ ಹತ್ತಿರ ಒಯ್ದು, "ನಾನು ಹುಳದ ವಿಷಯ ಮಾತ್ರ ಹೇಳಬಲ್ಲೆ ಅಮ್ಮಾ," ಎಂದಳು, ತಲೆ ಎತ್ತದೆ.

ಹಾಗಾದರೆ ಹುಳದ ಮಾನ ಉಳಿಯಿತು ಎಂದುಕೊಂಡಳು ಚೌಡಿ.

ಹುಟ್ಟಿದಾಗಿನಿಂದ ಆ ತೋಟದಲ್ಲಿ ದುಡಿದರೂ ಅವಳು ಗಿಡದ ಮೇಲಿನ ಹಣ್ಣಿಗೆ ಕೈ ಹಾಕಿದವಳಲ್ಲ. ಈಗ ನೆಟ್ಟಗೆ ನಡೆದು, ತುಂಬಿದ ಗಿಡವೊಂದರ ಕೊಂಬೆ ಬಗ್ಗಿಸಿ, ಎಲ್ಲಕ್ಕಿಂತ ದಪ್ಪನೆಯ ಹಣ್ಣನ್ನು ತಿರುಚಿ ಕಿತ್ತಳು. ಸಿಪ್ಪೆ ಸುಲಿದು ಗೌಡರ ಕಾಲ ಬಳಿ ಎಸೆದಳು.

"ಏಯ್! ಎಂತ ಮಾಡ್ತಿದೀಯೇ?"

"ಕದೀತಾ ಇದೀನಿ ಗೌಡ್ರೆ," ಎಂದು ತೊಳೆಯೊಂದನ್ನು ಬಾಯಿಗಿಟ್ಟು, ಇನ್ನೊಂದು ಹಣ್ಣಿಗೆ ಕೈ ಎತ್ತಿದಳು.